ಗಿರಣಿ ಗೋಡೆಯ ಆಚೆಯ ನೀರು

ಮುಂಬೈ ಬಳಿಯ ಕಲ್ಯಾಣದ ಡಯಾಲಿಸಿಸ್ ಕೇಂದ್ರದಿಂದ ಕರೆ ಬಂದಾಗ ನಾನು, ನೀರು ಶುದ್ಧೀಕರಿಸುವ ಘಟಕ ಹಾಕಿಕೊಡುವ ರಬಾಲೆಯ ನಮ್ಮ ಕಂಪನಿಯಲ್ಲಿ ಕುಳಿತು ಬೇರೆ ಯಾವುದೋ ಕೆಲಸದ ನಕ್ಷೆ ನೋಡುತ್ತಿದ್ದೆ. ಏಪ್ರಿಲ್ ತಿಂಗಳು. ಕರೆ ಮಾಡಿದವನು ಕೇಂದ್ರದ ಟೆಕ್ನಿಷಿಯನ್. ಮನೆತನ ಕಲಬುರಗಿ ಕಡೆಯದು, ಹುಟ್ಟಿ ಬೆಳೆದದ್ದೆಲ್ಲ ಕಲ್ಯಾಣದಲ್ಲಿ. ನಾನು ಕನ್ನಡದಲ್ಲಿ ಕೇಳುವುದು, ಅವನು ಹಿಂದಿಯಲ್ಲಿ ಉತ್ತರ ಕೊಡುವುದು ನಮ್ಮಿಬ್ಬರ ರೂಢಿ.

"ಮೇಡಂ, ಪಾನೀ ಗುಲಾಬೀ ಹೋ ರಹಾ ಹೈ," ಎಂದ.

ನೀರು ಗುಲಾಬಿ ಆಗುವುದೆಂದರೆ ಏನೆಂದು ಮೊದಲು ಹೇಳಬೇಕು. ಡಯಾಲಿಸಿಸ್ ಯಂತ್ರದಲ್ಲಿ ರೋಗಿಯ ರಕ್ತ ಒಂದು ತೆಳು ಪೊರೆಯ ಈಚೆ ಹರಿದರೆ ಆಚೆ ಕೊಡಗಟ್ಟಲೆ ನೀರು ಹರಿಯುತ್ತದೆ. ಆ ನೀರು ನಲ್ಲಿಯದೇ, ಆದರೆ ಹಲವು ಹಂತಗಳಲ್ಲಿ ಶುದ್ಧವಾದದ್ದು. ನಲ್ಲಿ ನೀರಿಗೆ ಹಾಕಿದ ಕ್ಲೋರಿನ್, ನದಿಯ ನೀರಿನಲ್ಲಿರುವ ಅಮೋನಿಯಾದೊಂದಿಗೆ ಸೇರಿ ಕ್ಲೋರಮೈನ್ ಆಗುತ್ತದೆ. ಬೇಸಿಗೆಯಲ್ಲಿ ನದಿ ಇಳಿದಾಗ ಅದು ಹೆಚ್ಚು. ನಾವು ಕುಡಿದರೆ ಏನೂ ಆಗುವುದಿಲ್ಲ. ಆದರೆ ಡಯಾಲಿಸಿಸ್‌ನ ಪೊರೆ ದಾಟಿ ರಕ್ತಕ್ಕೆ ಹೋದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ರೋಗಿ ಉಸಿರಿಗಾಗಿ ಒದ್ದಾಡುತ್ತಾನೆ, ಜೀವವೂ ಹೋಗಬಹುದು. ಅದನ್ನು ತಡೆಯುವುದು ಕಾರ್ಬನ್ ಟ್ಯಾಂಕು. ಆಳೆತ್ತರದ ಟ್ಯಾಂಕಿನ ತುಂಬ ಜೋಳದ ನುಚ್ಚಿನಷ್ಟು ಸಣ್ಣ ಇದ್ದಿಲಿನ ಕಾಳು. ನೀರು ಮೇಲಿನಿಂದ ಕಾಳುಗಳ ಸಂದಿಯಲ್ಲಿ ಇಳಿಯುತ್ತ ಹೋದಂತೆ ಕ್ಲೋರಮೈನ್ ಕಾಳಿಗೆ ಅಂಟಿ ಅಲ್ಲೇ ನಾಶವಾಗುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು ಎರಡು ಟ್ಯಾಂಕು ಸಾಲಾಗಿ ಇಡುತ್ತೇವೆ. ರೋಗಿಗಳ ಪ್ರತಿ ಸರದಿಗೆ ಮೊದಲು ಟ್ಯಾಂಕಿನ ನೀರು ಹಿಡಿದು ಅದಕ್ಕೊಂದು ಪುಡಿ ಹಾಕಿ ನೋಡಬೇಕು. ನೀರು ಬಣ್ಣವಿಲ್ಲದೆ ಉಳಿದರೆ ಸರಿ, ಗುಲಾಬಿಯಾದರೆ ಕ್ಲೋರಮೈನ್ ನುಸುಳಿದೆ ಎಂದರ್ಥ.

"ಯಾವ ಟ್ಯಾಂಕಿನದು?"

"ಪೆಹಲೇ ವಾಲೇ ಕಾ. ದೂಸರಾ ಠೀಕ್ ಹೈ."

ಎರಡನೆಯದು ಸರಿಯಿರುವವರೆಗೆ ರೋಗಿಗಳಿಗೆ ಅಪಾಯವಿಲ್ಲ. ಕಾರ್ಬನ್ ಹಳೆಯದಾಗಿರಬೇಕು ಎಂದುಕೊಂಡೆ. ಮರುದಿನವೇ ಆಳುಗಳನ್ನು ಕರೆದುಕೊಂಡು ಹೋಗಿ ಮೊದಲ ಟ್ಯಾಂಕಿಗೆ ಹೊಸ ಕಾರ್ಬನ್ ತುಂಬಿಸಿದೆ. ಪರೀಕ್ಷೆ ಮಾಡಿದರೆ ನೀರು ಸ್ಫಟಿಕದಂತಿತ್ತು. ಡೊಂಬಿವಲಿಯ ನನ್ನ ಮನೆಗೆ ಹೋಗುವ ಲೋಕಲ್ ರೈಲು ಹಿಡಿದು ಆ ವಿಷಯ ಮರೆತೆ.

ವಾರ ಕಳೆಯುವುದರೊಳಗೆ ಮತ್ತೆ ಕರೆ ಬಂತು. ಹೊಸ ಕಾರ್ಬನ್ ಇಷ್ಟು ಬೇಗ ಸೋಲುವುದಿಲ್ಲ. ಸೋಮವಾರ ಹೋಗಿ ದಿನವಿಡೀ ಕುಳಿತೆ. ಬೆಳಗಿನ ನೀರು ಶುದ್ಧ, ಮಧ್ಯಾಹ್ನದ್ದೂ ಶುದ್ಧ, ಸಂಜೆಯದ್ದೂ ಶುದ್ಧ. ಪರೀಕ್ಷೆಯ ಪುಡಿ ತಾಜಾ ಇರಲಿಕ್ಕಿಲ್ಲ ಎಂದು ಹೊಸದನ್ನು ಕೊಟ್ಟು ಬಂದೆ. ಎರಡು ದಿನಕ್ಕೆ ಮತ್ತೆ ಗುಲಾಬಿ. ನೀರು ಟ್ಯಾಂಕಿನಲ್ಲಿ ತುಂಬ ವೇಗವಾಗಿ ಹರಿಯುತ್ತಿರಬಹುದು, ಇದ್ದಿಲಿನ ಜೊತೆ ಸಾಕಷ್ಟು ಹೊತ್ತು ಇರುತ್ತಿಲ್ಲ ಎಂದು ಮುಂದಿನ ಸೋಮವಾರ ಹೋಗಿ ಹರಿವು ತಗ್ಗಿಸಿದೆ. ಅಂದೂ ನನ್ನ ಕಣ್ಣೆದುರಿಗೆ ನೀರು ಒಮ್ಮೆಯೂ ಬಣ್ಣ ತಿರುಗಲಿಲ್ಲ. ಕೇಂದ್ರದ ಡಾಕ್ಟರ್ ಮರಾಠಿಯವರು, ಮಾತು ಕಡಿಮೆ. ನಾನು ಹೊರಡುವಾಗ ಬಾಗಿಲವರೆಗೆ ಬಂದು, "ನೀವು ಬಂದ ದಿನ ನೀರು ಚೆನ್ನಾಗಿರುತ್ತದೆ. ನಿಮ್ಮನ್ನೇ ಇಲ್ಲಿ ಇಟ್ಟುಕೊಂಡರೆ ಹೇಗೆ?" ಎಂದರು. ನಕ್ಕೇ ಹೇಳಿದ್ದರು. ನನಗೆ ನಗು ಬರಲಿಲ್ಲ.

ರೈಲಿನಲ್ಲಿ ಟೆಕ್ನಿಷಿಯನ್ ಕಳುಹಿಸಿದ ಫಲಿತಾಂಶಗಳನ್ನು ಮೊಬೈಲಿನಲ್ಲಿ ಮತ್ತೆ ನೋಡಿದೆ. ಬೆಳಗಿನ ಪರೀಕ್ಷೆಯಲ್ಲಿ ಎಂದೂ ಬಣ್ಣ ಬಂದಿರಲಿಲ್ಲ. ಬರುತ್ತಿದ್ದದ್ದು ಮಧ್ಯಾಹ್ನದ ಸರದಿಯ ಹೊತ್ತಿಗೆ. ಸೋಮವಾರಗಳಲ್ಲಿ ಇಡೀ ದಿನ ಸರಿ. ಪ್ರತಿ ಸಂಜೆ ಕೊನೆಯ ಸರದಿ ಮುಗಿದ ಮೇಲೆ ಟ್ಯಾಂಕಿನಲ್ಲಿ ನೀರನ್ನು ಕೆಳಗಿನಿಂದ ಮೇಲಕ್ಕೆ ರಭಸದಿಂದ ಹಾಯಿಸಿ ಇದ್ದಿಲನ್ನು ಸಡಿಲಿಸಿ ತೊಳೆಯುವ ಏರ್ಪಾಡಿದೆ. ಹಾಗೆ ತೊಳೆದ ಮೇಲೆ ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನದೊಳಗೆ ಏಕೆ ಕೆಡುತ್ತದೆ? ಸೋಮವಾರ ಏನು ಬೇರೆ? ಬುಧವಾರ ಯಾರಿಗೂ ಹೇಳದೆ ಹೊರಟೆ.

ಕೇಂದ್ರ ಇರುವುದು ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ. ಹಿಂಭಾಗದ ಕೋಣೆಯಲ್ಲಿ ನಮ್ಮ ಟ್ಯಾಂಕುಗಳು. ಆ ದಿನ ಕೋಣೆಗೆ ಕಾಲಿಟ್ಟಾಗ ಸೋಮವಾರಗಳಲ್ಲಿ ಇಲ್ಲದ್ದೊಂದು ಸದ್ದು ಇತ್ತು, ಗೋಡೆಯ ಆಚೆಯಿಂದ ಬರುವ ಗುಂಯ್ ಎಂಬ ಸದ್ದು. ಪಕ್ಕದ್ದು ಹಿಟ್ಟಿನ ಗಿರಣಿ, ಸೋಮವಾರ ರಜೆ. ಟ್ಯಾಂಕಿನ ಒತ್ತಡ ತೋರಿಸುವ ಮುಳ್ಳು ಸಣ್ಣಗೆ ನಡುಗುತ್ತಿತ್ತು. ಟ್ಯಾಂಕಿನ ಮೈಮೇಲೆ ಅಂಗೈ ಇಟ್ಟರೆ ಬೆರಳ ತುದಿಯವರೆಗೆ ಜುಮ್ಮೆನ್ನಿತು. ಟ್ಯಾಂಕುಗಳ ಕಬ್ಬಿಣದ ಸ್ಟ್ಯಾಂಡನ್ನೂ ಪೈಪುಗಳನ್ನೂ ನಾವೇ ಆ ಗೋಡೆಗೆ ಪಟ್ಟಿ ಹಾಕಿ ಬಿಗಿದಿದ್ದೆವು.

ಆದರೂ ನಾನು ಕಂಪನವನ್ನು ದೂರಲಿಲ್ಲ. ಅದಕ್ಕೆ ಕಾರಣ ನಾನು ಓದಿದ್ದೇ. ಎಂಟೆಕ್‌ನಲ್ಲಿ ನನ್ನ ಪ್ರಾಜೆಕ್ಟ್ ಇದೇ ಆಗಿತ್ತು: ಕಾಳು ತುಂಬಿದ ಗಾಜಿನ ಕೊಳವೆಯನ್ನು ಅಲುಗಿಸುತ್ತ ಅದರೊಳಗೆ ನೀರು ಬಿಡುವುದು, ನೀರಿನಲ್ಲಿ ಕರಗಿದ ವಸ್ತು ಕಾಳಿಗೆ ಎಷ್ಟು ಬೇಗ ಸೇರುತ್ತದೆ ಎಂದು ಅಳೆಯುವುದು. ಪ್ರತಿ ಕಾಳಿನ ಸುತ್ತ ಅಲುಗಾಡದ ನೀರಿನ ಒಂದು ತೆಳು ಪದರ ಅಂಟಿಕೊಂಡಿರುತ್ತದೆ. ವಸ್ತು ಆ ಪದರವನ್ನು ದಾಟಿಯೇ ಕಾಳನ್ನು ಮುಟ್ಟಬೇಕು. ಕೊಳವೆ ಕಂಪಿಸಿದರೆ ಪದರ ತೆಳುವಾಗುತ್ತದೆ, ದಾಟುವುದು ಸುಲಭ. ಅಂದರೆ ಗಿರಣಿ ನಡೆದಾಗ ನಮ್ಮ ಟ್ಯಾಂಕು ಇನ್ನೂ ಚೆನ್ನಾಗಿ ಕೆಲಸ ಮಾಡಬೇಕಿತ್ತು. ಹಾಗೆ ಯೋಚಿಸಿ ಒಂದಿಡೀ ಬೆಳಗನ್ನು ವಾಲ್ವುಗಳ ಸೋರಿಕೆ ಹುಡುಕುವುದರಲ್ಲಿ ಕಳೆದೆ.

ಮಧ್ಯಾಹ್ನದ ಸರದಿಯ ರೋಗಿಗಳು ಬರತೊಡಗಿದ್ದರು. ಟೆಕ್ನಿಷಿಯನ್ ನೀರು ಹಿಡಿದು ಪುಡಿ ಹಾಕಿದ. ಮೊದಲ ಟ್ಯಾಂಕಿನದು ಗುಲಾಬಿ. ಎರಡನೆಯದರ ಶೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅದರಲ್ಲೂ ಬಣ್ಣ ಮೂಡಿತ್ತು, ಬಿಳಿ ಬಟ್ಟೆಗೆ ಕುಂಕುಮದ ಕೈ ತಾಗಿದಷ್ಟು.

"ಹಲ್ಕಾ ಹೈ, ಮೇಡಂ," ಎಂದ, ಬಣ್ಣ ತೆಳು ಎಂಬ ಅರ್ಥದಲ್ಲಿ. ದನಿಯಲ್ಲಿ ಧೈರ್ಯ ಇರಲಿಲ್ಲ.

ಡಾಕ್ಟರ್ ಬಂದರು. ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ಅದೇ ಬಣ್ಣ. ಹೊರಗಿನ ಬೆಂಚಿನಲ್ಲಿ ಆರೇಳು ಜನ ಕುಳಿತಿದ್ದರು. "ನನಗೆ ಒಂದೇ ಮಾತು ಬೇಕು," ಎಂದರು ಡಾಕ್ಟರ್. "ಈ ನೀರಿನಲ್ಲಿ ನಡೆಸಬಹುದೋ, ಬಾರದೋ?"

ನಿಯಮ ಏನು ಹೇಳುತ್ತದೆ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಡಯಾಲಿಸಿಸ್ ತಪ್ಪಿದರೂ ಜೀವಕ್ಕೆ ಅಪಾಯವೇ. "ಬಾರದು, ನಿಲ್ಲಿಸಿ," ಎಂದೆ.

ಅವರು ತಡಮಾಡಲಿಲ್ಲ. ಉಲ್ಹಾಸನಗರದ ಇನ್ನೊಂದು ಕೇಂದ್ರಕ್ಕೆ ಫೋನು ಮಾಡಿ ಜಾಗ ಕೇಳಿದರು. ಅಲ್ಲಿ ಸಿಕ್ಕಷ್ಟು ಜಾಗಕ್ಕೆ ರಿಕ್ಷಾಗಳಲ್ಲಿ ಜನರನ್ನು ಕಳುಹಿಸಿದರು. ಮೂವರು ಉಳಿದರು. ಅವರಲ್ಲೊಬ್ಬ ಮಾರ್ಕೆಟ್ಟಿನಲ್ಲಿ ಈರುಳ್ಳಿ ಚೀಲ ಹೊರುತ್ತಿದ್ದ ಹಮಾಲ, ಕಲಬುರಗಿ ಕಡೆಯವನು. ಊರಿನಲ್ಲಿ ಯಾರದೋ ಮದುವೆಗೆಂದು ಹೋಗಿ ಹಿಂದಿನ ಸರದಿ ತಪ್ಪಿಸಿಕೊಂಡಿದ್ದ. ಕಾಲು ಊದಿತ್ತು, ಒರಗಿ ಕೂರಲಾಗದೆ ಮುಂದಕ್ಕೆ ಬಾಗಿ ಮಂಡಿ ಹಿಡಿದು ಕುಳಿತಿದ್ದ. ಇಷ್ಟು ಕೆಟ್ಟ ಸ್ಥಿತಿಯವನನ್ನು ತೆಗೆದುಕೊಳ್ಳಲು ಉಲ್ಹಾಸನಗರದವರು ಒಪ್ಪಿರಲಿಲ್ಲ. ಡಾಕ್ಟರ್ ಅವನಿಗೆ ಆಕ್ಸಿಜನ್ ಹಚ್ಚಿಸಿ, ದೊಡ್ಡ ಆಸ್ಪತ್ರೆಯೊಂದರಲ್ಲಿ ಹಾಸಿಗೆಗಾಗಿ ಪ್ರಯತ್ನ ಮಾಡುತ್ತಿದ್ದರು. ನಾನು ಕನ್ನಡದವಳು ಎಂದು ಅವನ ಹೆಂಡತಿಗೆ ಹೇಗೋ ತಿಳಿದಿತ್ತು.

"ಅಕ್ಕಾ, ಯಾಕ ಹಚ್ಚವಲ್ರು?" ಎಂದು ಕೇಳಿದಳು.

"ನೀರು ಸರಿ ಇಲ್ಲಮ್ಮ. ರಕ್ತ ಹಾಳಾಗ್ತದೆ."

ಹಮಾಲ ಆಕ್ಸಿಜನ್ ಮಾಸ್ಕ್ ಸರಿಸಿ ನನ್ನತ್ತ ನೋಡಿದ. "ಹ್ಯಾಂಗಾರ ಇರ್ಲಿ, ಹಚ್ಚಿಬಿಡ್ರಿ ಮೇಡಂ. ಉಸುರು ನಿಂದ್ರಲಾಗ್ಯದ."

ಹಿಂದಿನ ಕೋಣೆಗೆ ಹೋಗಿ, "ಟ್ಯಾಂಕ್ ತೆಗೆಯುವ," ಎಂದೆ ಟೆಕ್ನಿಷಿಯನ್‌ಗೆ. ಯಂತ್ರಗಳು ಹೇಗೂ ನಿಂತಿದ್ದವು. ನೀರು ಬಂದ್ ಮಾಡಿ, ಒತ್ತಡ ಇಳಿಸಿ, ಮೊದಲ ಟ್ಯಾಂಕಿನ ಮೇಲಿನ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿದೆವು.

ಎರಡು ಮೂರು ವಾರಗಳ ಹಿಂದಷ್ಟೇ ನಾನೇ ನಿಂತು ತುಂಬಿಸಿದ ಇದ್ದಿಲು ಮೊಳಕ್ಕೂ ಹೆಚ್ಚು ಕೆಳಗಿಳಿದಿತ್ತು. ಕಾರ್ಬನ್ ಎಲ್ಲಿಗೂ ಹೋಗಿರಲಿಲ್ಲ, ಒತ್ತೊತ್ತಾಗಿ ಕುಳಿತಿತ್ತು. ಮೇಲ್ಮೈ ಸಮನಾಗಿ ಇರಲಿಲ್ಲ, ಗಿರಣಿಯ ಗೋಡೆಯ ಕಡೆಗೆ ವಾಲಿತ್ತು. ಆ ಬದಿಯಲ್ಲಿ ಟ್ಯಾಂಕಿಗೂ ಇದ್ದಿಲಿಗೂ ನಡುವೆ ಕಿರುಬೆರಳು ತೂರುವಷ್ಟು ಸೀಳು ಬಿಟ್ಟು ಕೆಳಗೆ ಕತ್ತಲಿಗೆ ಇಳಿದಿತ್ತು.

ನಾನು ಓದಿದ್ದು ಸುಳ್ಳಾಗಿರಲಿಲ್ಲ. ಆದರೆ ನನ್ನ ಗಾಜಿನ ಕೊಳವೆಯಲ್ಲಿ ಕಾಳುಗಳು ಎರಡು ಜರಡಿಗಳ ನಡುವೆ ಬಿಗಿಯಾಗಿ ಸಿಕ್ಕಿಕೊಂಡಿದ್ದವು, ಅವಕ್ಕೆ ಜರುಗಲು ಜಾಗವೇ ಇರಲಿಲ್ಲ. ಈ ಟ್ಯಾಂಕಿನಲ್ಲಿ ತೊಳೆಯುವಾಗ ಇದ್ದಿಲು ಉಬ್ಬಲೆಂದು ಮೇಲೆ ಜಾಗ ಬಿಟ್ಟಿರುತ್ತೇವೆ. ಸಂಜೆ ತೊಳೆದು ಸಡಿಲವಾದ ಕಾಳುಗಳು ಬೆಳಿಗ್ಗೆ ಗಿರಣಿ ಶುರುವಾದೊಡನೆ ಕುಸಿಯತೊಡಗುತ್ತಿದ್ದವು. ಸಣ್ಣ ಕಾಳು ದೊಡ್ಡ ಕಾಳಿನ ಸಂದಿಗೆ ಜಾರಿ, ನಡುವೆ ದಟ್ಟವಾಗಿ, ಅಂಚಿನಲ್ಲಿ ಬಿರುಕು ಬಿಡುತ್ತಿತ್ತು. ನೀರು ಯಾವಾಗಲೂ ಸುಲಭದ ದಾರಿಯನ್ನೇ ಹಿಡಿಯುವುದು. ಇದ್ದಿಲಿನೊಳಗೆ ನುಸುಳುವ ಬದಲು ಆ ಸೀಳಿನಲ್ಲಿ ಧಾರೆಯಾಗಿ ಇಳಿದುಬಿಡುತ್ತಿತ್ತು. ಕಾಳನ್ನು ಮುಟ್ಟದೇ ಹೋದ ನೀರಿಗೆ ಪದರ ತೆಳುವಾದರೇನು, ದಪ್ಪವಾದರೇನು?

ಮುಚ್ಚಳ ಹಾಕಲು ಹೇಳಿ ಗಿರಣಿಗೆ ಓಡಿದೆ.

ಗಿರಣಿ ನಡೆಸುವವರು ವಿಜಯಪುರ ಕಡೆಯ ಹೆಂಗಸು, ಐವತ್ತರ ಆಸುಪಾಸು. ಗಂಡ ರಿಕ್ಷಾ ಓಡಿಸುತ್ತಾರೆ. ತಲೆಗೆ ಕಟ್ಟಿದ ಸೆರಗಿನ ಮೇಲೆ, ಹುಬ್ಬಿನ ಮೇಲೆ ಹಿಟ್ಟು. ಬಾಗಿಲವರೆಗೂ ಗೋಧಿ ಜೋಳದ ಡಬ್ಬಿಗಳ ಸಾಲು. ಸದ್ದಿನಲ್ಲಿ ನನ್ನ ಮಾತು ಕೇಳದೆ ಅವರೇ ಯಂತ್ರ ನಿಲ್ಲಿಸಿದರು.

"ಅಕ್ಕಾ, ಪಕ್ಕದ ಡಯಾಲಿಸಿಸ್‌ನವರು ನಾವು. ನಿಮ್ಮ ಗಿರಣಿ ಅಲುಗುವುದರಿಂದ ನಮ್ಮ ನೀರು ಕೆಡ್ತಾ ಇದೆ. ಒಳಗೆ ರೋಗಿಗಳಿದ್ದಾರೆ. ಸಂಜೆವರೆಗೆ ಬಂದ್ ಇಡಬಹುದಾ?"

ಅವರು ಡಬ್ಬಿಗಳ ಸಾಲನ್ನೊಮ್ಮೆ ನೋಡಿದರು. "ಗಿರಣಿಯಿಂದ ನೀರು ಕೆಡ್ತೈತೇನ್ರಿ?"

"ಹೌದು. ಆಮೇಲೆ ಎಲ್ಲ ಹೇಳ್ತೇನೆ."

"ಮಂದಿ ಬೈತಾರ್ರಿ. ಹೊಸಾ ಮಿಷನ್ ತಂದು ಇನ್ನಾ ಆರು ತಿಂಗಳಾಗಿಲ್ಲ," ಎಂದು ಕೇಂದ್ರದ ಬಾಗಿಲ ಕಡೆ ನೋಡಿ, "ಉಸುರು ಬಿಡಾಕ ಒದ್ದಾಡಾಕತ್ತಾನಲ್ಲ, ಅವ್ನಿಗೇನ್ರಿ?" ಎಂದು ಕೇಳಿದರು. ಹಮಾಲನನ್ನು ರಿಕ್ಷಾದಿಂದ ಇಳಿಸುವಾಗ ಅವರು ನೋಡಿದ್ದರು.

"ಅವನಿಗೂ."

"ಆತು ತಗೋರಿ. ಅವ್ನ ಕೆಲಸ ಮೊದ್ಲ ಮುಗಸ್ರಿ." ಗೋಡೆಯ ಮೇಲಿನ ದೊಡ್ಡ ಸ್ವಿಚ್ಚನ್ನೂ ಕೆಳಗೆ ಎಳೆದರು.

ಎರಡೂ ಟ್ಯಾಂಕುಗಳಿಗೆ ಕೆಳಗಿನಿಂದ ನೀರು ಹಾಯಿಸಿ ಇದ್ದಿಲನ್ನು ಪೂರ್ತಿ ಸಡಿಲಿಸಿದೆವು. ಮೊದಲು ಬಂದ ಕಪ್ಪು ನೀರೆಲ್ಲ ಚರಂಡಿಗೆ ಹೋಗುವವರೆಗೆ ಕಾಯಬೇಕು. ಕಾಳುಗಳು ತಾವಾಗಿ ನಿಧಾನಕ್ಕೆ ಕೂರಲು ಬಿಡಬೇಕು. ಆಮೇಲೆ ಮುಂದಿನ ಶುದ್ಧೀಕರಣದ ಹಂತಗಳಲ್ಲೂ ಯಂತ್ರದ ಪೈಪುಗಳಲ್ಲೂ ನಿಂತಿದ್ದ ಹಳೆಯ ನೀರನ್ನೆಲ್ಲ ಹೊರಗೆ ಬಿಡಬೇಕು. ಇದರಲ್ಲಿ ಅವಸರ ಮಾಡುವಂತಿಲ್ಲ. ಆಚೆ ಕೋಣೆಯಿಂದ ಹಮಾಲನ ಕೆಮ್ಮು ಕೇಳುತ್ತಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಇನ್ನೂ ಹಾಸಿಗೆ ಸಿಕ್ಕಿರಲಿಲ್ಲ. ಡಾಕ್ಟರ್ ಎರಡು ಸಲ ಬಾಗಿಲಿಗೆ ಬಂದು ನೋಡಿ ಹಿಂದಿರುಗಿದರು.

ಕೊನೆಗೆ ನೀರು ಹಿಡಿದು ಪುಡಿ ಹಾಕಿದೆವು. ಮೊದಲ ಟ್ಯಾಂಕು, ಎರಡನೆಯದು, ಯಂತ್ರಕ್ಕೆ ಹೋಗುವ ನಲ್ಲಿ. ಯಾವುದರಲ್ಲೂ ಬಣ್ಣವಿಲ್ಲ. ನನ್ನ ಕಣ್ಣನ್ನು ನಾನು ನಂಬದೆ ಡಾಕ್ಟರ್ ಕೈಗೆ ಶೀಸೆ ಕೊಟ್ಟೆ. ಅವರು ಬಿಳಿ ಕೋಟಿನ ಎದುರಿಗೆ ಹಿಡಿದು ನೋಡಿ, "ಮೊದಲು ಅವನನ್ನು ತೆಗೆದುಕೊಳ್ಳಿ," ಎಂದರು.

ಮೂವರದ್ದೂ ಮುಗಿಯುವವರೆಗೆ ಆಗಾಗ ನೀರು ಪರೀಕ್ಷಿಸುತ್ತ ಅಲ್ಲೇ ಇದ್ದೆ. ದೇಹದ ನೀರು ಇಳಿದಂತೆ ಹಮಾಲನ ಉಸಿರು ಹದಕ್ಕೆ ಬಂತು. ಸ್ವಲ್ಪ ಹೊತ್ತಿಗೆ ಅವನು ಹಿಂದಕ್ಕೆ ಒರಗಿದ. ಅವನು ಒರಗಿದ್ದನ್ನು ಕಂಡ ಮೇಲೆಯೇ ಅವನ ಹೆಂಡತಿ ಚಹಾ ಕುಡಿಯಲು ಹೋದಳು.

ಗಿರಣಿ ಮತ್ತು ಕೇಂದ್ರ ಸದ್ಯಕ್ಕೆ ಒಂದು ಒಪ್ಪಂದಕ್ಕೆ ಬಂದವು: ಡಯಾಲಿಸಿಸ್ ನಡೆಯುವ ಹೊತ್ತಿನಲ್ಲಿ ಗಿರಣಿ ಬಂದ್, ಉಳಿದ ಹೊತ್ತಿನಲ್ಲಿ ಚಾಲೂ. ಹಾಗೆ ಬಹಳ ದಿನ ನಡೆಯುವಂತಿರಲಿಲ್ಲ. ಗಿರಾಕಿಗಳು ಬೇರೆ ಗಿರಣಿಗೆ ಹೋಗತೊಡಗಿದ್ದರು.

ನಾನು ಕಂಪನಿಯಿಂದ ಒಂದು ಪಾರದರ್ಶಕ ಕೊಳವೆ ತಂದು ಅದರಲ್ಲಿ ಅದೇ ಇದ್ದಿಲು ತುಂಬಿ, ಮೇಲೆ ಜಾಗ ಬಿಟ್ಟು, ಗಿರಣಿಯ ಗೋಡೆಗೇ ಬಿಗಿದೆ. ಮೇಲಿನಿಂದ ನೀಲಿ ಬಣ್ಣದ ನೀರು ಬಿಟ್ಟೆ, ಇದ್ದಿಲು ಬಣ್ಣವನ್ನೂ ಹೀರುತ್ತದೆ. ಕಪ್ಪು ಇದ್ದಿಲಿನೊಳಗೆ ನೀಲಿ ಕಾಣುವುದಿಲ್ಲ, ಕೆಳಗೆ ಇಟ್ಟ ಗಾಜಿನ ಲೋಟವನ್ನೇ ನೋಡಬೇಕು. ಗಿರಣಿ ನಿಂತಿದ್ದಾಗ ಲೋಟದ ನೀರು ತಿಳಿ. ಗಿರಣಿ ಚಾಲೂ ಆದ ಮೇಲೆ ಕೊಳವೆಯಲ್ಲಿ ಇದ್ದಿಲು ಕಣ್ಣೆದುರೇ ಕುಸಿಯಿತು, ಒಂದು ಬದಿಯಲ್ಲಿ ಕೂದಲೆಳೆಯಂಥ ಗೆರೆ ಮೂಡಿತು, ಲೋಟಕ್ಕೆ ನೀಲಿ ಹನಿ ಬೀಳತೊಡಗಿತು. ಕೊಳವೆಗೂ ಗೋಡೆಗೂ ನಡುವೆ ದಪ್ಪ ರಬ್ಬರು ಇಟ್ಟಾಗ ನಡುಕ ಬಹಳ ಸಣ್ಣದಾಯಿತು, ಇದ್ದಿಲು ಕುಸಿಯಲಿಲ್ಲ. ಆಗ ಲೋಟದ ನೀರು ಗಿರಣಿ ನಿಂತಿದ್ದಾಗಿನದಕ್ಕಿಂತಲೂ ಹೆಚ್ಚು ಹೊತ್ತು ತಿಳಿಯಾಗಿ ಉಳಿಯಿತು. ಹಳೆಯ ಪ್ರಾಜೆಕ್ಟ್ ಹೇಳಿದ್ದೂ ಅದನ್ನೇ.

ಡಾಕ್ಟರ್ ಲೋಟ ನೋಡುತ್ತ, "ಹಾಗಾದರೆ ಸ್ವಲ್ಪ ನಡುಕ ಇದ್ದರೆ ಒಳ್ಳೆಯದೇ?" ಎಂದು ಕೇಳಿದರು.

"ಪ್ರಯೋಗಶಾಲೆಯಲ್ಲಿ ಒಳ್ಳೆಯದು. ನಿಮ್ಮ ರೋಗಿಗಳ ನೀರಿಗೆ ಬೇಡ. ಸ್ವಲ್ಪ ಎಂದರೆ ಎಷ್ಟು ಎಂದು ಗಿರಣಿಯನ್ನು ಕೇಳಲಿಕ್ಕಾಗುವುದಿಲ್ಲ," ಎಂದೆ.

ವರದಿ ಬರೆಯುವಾಗ ನಮ್ಮ ಕಂಪನಿಯ ಮಾಲೀಕರು ನನ್ನ ಟೇಬಲ್ಲಿಗೆ ಬಂದರು. ಉಡುಪಿ ಕಡೆಯವರು, ಕೆಟ್ಟ ಮನುಷ್ಯರಲ್ಲ. "ಗಿರಣಿಯ ಕಂಪನವೇ ಕಾರಣ ಅಂತ ಬರೆದು ಮುಗಿಸಿ. ಮುಂದಿನದ್ದು ಅವರವರು ನೋಡಿಕೊಳ್ತಾರೆ. ಸುಳ್ಳು ಏನೂ ಅಲ್ಲವಲ್ಲ," ಎಂದರು.

ಸುಳ್ಳಲ್ಲ. ಆ ಒಂದು ಸಾಲು ಬರೆದರೆ ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು. ಕೇಂದ್ರದ ಟ್ರಸ್ಟಿಗಳು ಅದನ್ನು ಕಟ್ಟಡ ನೋಡಿಕೊಳ್ಳುವ ಸೊಸೈಟಿಗೆ ಕೊಡುತ್ತಾರೆ. ಆಸ್ಪತ್ರೆಗೂ ಹಿಟ್ಟಿನ ಗಿರಣಿಗೂ ಜಗಳವಾದರೆ ಯಾರನ್ನು ಎಬ್ಬಿಸುತ್ತಾರೆ ಎಂದು ಯಾರೂ ಹೇಳಬೇಕಾಗಿಲ್ಲ.

"ಗಿರಣಿ ಎಂದ ಮೇಲೆ ಅಲುಗುತ್ತದೆ ಸಾರ್," ಎಂದೆ. "ಟ್ಯಾಂಕನ್ನು ಅದರ ಗೋಡೆಗೆ ಬಿಗಿದದ್ದು ನಾವು. ನೆಲದ ಮೇಲೆ ಬೇರೆಯಾಗಿ ನಿಲ್ಲಿಸಿದ್ದರೆ ಹೀಗೆ ಆಗ್ತಿರಲಿಲ್ಲ."

"ಹಾಗೆ ಬರೆದರೆ ನಮ್ಮ ತಲೆಗೇ ಬರ್ತದಲ್ಲ ಮಾರಾಯ್ರೆ."

"ಬರ್ತದೆ. ಆದರೆ ನಾಳೆ ಗಿರಣಿ ಹೋಗಿ ಅಲ್ಲಿ ಇನ್ನೊಂದು ಮಿಷನ್ ಬಂದರೆ? ಆಗಲೂ ನೀರು ಗುಲಾಬಿಯೇ ಆಗ್ತದೆ. ಆ ದಿನ ಟೆಕ್ನಿಷಿಯನ್ ಹಲ್ಕಾ ಇದೆ ಅಂತ ಬಿಟ್ಟುಬಿಟ್ಟರೆ?"

ಅವರು ತಮ್ಮ ಕೋಣೆಗೆ ಹೋದರು. ಆ ಸಾಲನ್ನು ನಾನು ಬರೆದೆ: ದೋಷ ಅಳವಡಿಕೆಯದು, ಸರಿಪಡಿಸಬೇಕಾದದ್ದು ನಾವು. ಎರಡು ದಿನ ವರದಿ ಅವರ ಟೇಬಲ್ಲಿನ ಮೇಲೇ ಇತ್ತು. ಮೂರನೆಯ ದಿನ, ಕಲ್ಯಾಣಕ್ಕೆ ನಾನೂ ಬರುತ್ತೇನೆ ಎಂದರು. ಗಿರಣಿ ನಡೆಯುವಾಗ ಟ್ಯಾಂಕಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಹೊರಗೆ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದವರನ್ನು ನೋಡಿದರು. "ಯಾವಾಗ ಶುರು ಮಾಡುವುದು?" ಎಂದಷ್ಟೇ ಕೇಳಿದರು. ವರದಿ ಹಾಗೆಯೇ ಹೋಯಿತು.

ಕೆಲಸ ಸೋಮವಾರಗಳಂದು ಸಂಜೆ ಸರದಿ ಮುಗಿದ ಮೇಲೆ ನಡೆಯಿತು. ಗೋಡೆಯ ಪಟ್ಟಿಗಳನ್ನೆಲ್ಲ ಕತ್ತರಿಸಿದೆವು. ಸ್ಟ್ಯಾಂಡನ್ನು ಕೋಣೆಯ ಇನ್ನೊಂದು ತುದಿಗೆ ಸರಿಸಿ, ನೆಲಕ್ಕೂ ಅದಕ್ಕೂ ನಡುವೆ ದಪ್ಪ ರಬ್ಬರಿನ ಹಾಸು ಹಾಕಿದೆವು. ಗಟ್ಟಿ ಪೈಪುಗಳ ನಡುವೆ ಬಾಗುವ ಹೋಸ್ ಜೋಡಿಸಿದೆವು. ಮೊದಲ ದಿನ ಒಂದು ಜೋಡಣೆ ಸೋರಿ ಕೋಣೆಯೆಲ್ಲ ನೀರಾಯಿತು, ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಗಿರಣಿಯ ಯಂತ್ರದ ಕೆಳಗೂ ಅದೇ ರಬ್ಬರಿನ ತುಂಡುಗಳನ್ನು ಕೊಟ್ಟೆವು. ಅದನ್ನು ಕೂರಿಸಲು ಗಿರಣಿಯಮ್ಮನ ಗಂಡ ರಿಕ್ಷಾದ ಜಾಕು ತಂದಿದ್ದರು.

ಇಷ್ಟಾದರೂ ಗಿರಣಿ ನಡೆಯುತ್ತಿರುವಾಗ ನೀರು ನೋಡದೆ ನಾನು ಒಪ್ಪುವಂತಿರಲಿಲ್ಲ. ಮಂಗಳವಾರ ಬೆಳಗಿನ ಸರದಿಯವರನ್ನು ಡಾಕ್ಟರ್ ಬೇರೆ ಹೊತ್ತಿಗೆ ಬರಹೇಳಿದ್ದರು. ಮಧ್ಯಾಹ್ನದ ಸರದಿಗೆ ಮೊದಲು, ಯಂತ್ರಗಳಿಗೆ ರೋಗಿಗಳಾರೂ ಇಲ್ಲದಾಗ, ಗಿರಣಿಗೆ ಹೋದೆ. ಬೆಳಗಿನಿಂದಲೂ ನಡೆಸುತ್ತಲೇ ಇರಿ ಎಂದು ಮೊದಲೇ ಹೇಳಿದ್ದೆ.

"ಈಗ ಎಲ್ಲದಕ್ಕಿಂತ ಗಟ್ಟಿ ಯಾವುದು ಉಂಟೋ ಅದನ್ನು ಹಾಕಿ ಅಕ್ಕಾ. ಪೂರ್ತಿ ಜೋರಾಗಿ ನಡೀಲಿ."

"ಕಡ್ಲಿ ಐತ್ರಿ, ಬ್ಯಾಳಿ ಮಾಡೂದು. ಗೋಡಿನ ಹಾರ್ತೈತಿ ನೋಡ್ರಿ," ಎಂದು ಚೀಲವನ್ನೇ ಎತ್ತಿ ಸುರಿದರು.

ಹಿಂದಿನ ಕೋಣೆಗೆ ಬಂದೆ. ಗೋಡೆ ಗುಡುಗುತ್ತಿತ್ತು. ಟ್ಯಾಂಕಿನ ಮುಳ್ಳು ಅಲುಗದೆ ನಿಂತಿತ್ತು. ಟೆಕ್ನಿಷಿಯನ್ ಸಾಲಾಗಿ ಮೂರು ಶೀಸೆಗಳಲ್ಲಿ ನೀರು ಹಿಡಿದು ಪುಡಿ ಹಾಕಿ ಅಲುಗಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟ. ನಾನು, ಅವನು, ಡಾಕ್ಟರ್ ಮೂವರೂ ಅವುಗಳನ್ನೇ ನೋಡುತ್ತ ನಿಂತೆವು. ಬಣ್ಣ ಮೂಡಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚೇ ನಿಂತೆವು.

"ಕುಛ್ ನಹೀಂ ಹೈ," ಎಂದ ಅವನು. ಆಮೇಲೆ, ನನ್ನ ಬಳಿ ಹಿಂದೆಂದೂ ಕನ್ನಡ ಆಡದವನು, ಮನೆಯಲ್ಲಿ ಕೇಳಿದ ಕಲಬುರಗಿ ಧಾಟಿಯಲ್ಲಿ, "ಏನೂ ಇಲ್ಲ ಮೇಡಂ, ಚೊಲೋ ಅದ," ಎಂದ.

ಡಾಕ್ಟರ್ ಮಧ್ಯಾಹ್ನದ ಸರದಿಯವರನ್ನು ಒಳಗೆ ಕರೆಯಲು ಹೇಳಿದರು. ನಾನು ಬ್ಯಾಗು ಹೆಗಲಿಗೆ ಹಾಕಿಕೊಂಡು ಗಿರಣಿಯ ಮುಂದೆ ಹಾಯ್ದೆ. ಗಿರಣಿಯಮ್ಮ ಸ್ವಿಚ್ಚಿನ ಬಳಿಯೇ ನಿಂತಿದ್ದರು, ಒಂದು ಕೈ ಅದರ ಹಿಡಿಯ ಮೇಲೆ. ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಬಂದ್ ಮಾಡಲೇ ಎಂದು ಕಣ್ಣಲ್ಲೇ ಕೇಳಿದರು. ಬೇಡ ಎಂದು ಕೈಯಾಡಿಸಿದೆ. ಅವರು ಹಿಡಿಯಿಂದ ಕೈ ತೆಗೆದು, ಸಾಲಿನ ಮುಂದಿನ ಡಬ್ಬಿಯನ್ನು ಎತ್ತಿಕೊಂಡರು.